ಸುನ್ನತ್: ಕಾದರೆ ಮಗುವಿಗೆ ಏನು ನಷ್ಟ?

ಅಮೆರಿಕದ ಆಸ್ಪತ್ರೆಯಲ್ಲಿ ಗಂಡು ಮಗು ಹುಟ್ಟಿದರೆ, ತಾಯಿ ಮನೆಗೆ ಹೊರಡುವ ಮೊದಲೇ ಒಂದು ಪ್ರಶ್ನೆ ಬರುತ್ತದೆ. ಮಗುವಿಗೆ ಸುನ್ನತ್ ಮಾಡಿಸುತ್ತೀರಾ? ಹೌದು ಅಂದರೆ, ಒಂದೆರಡು ದಿನದ ಕೂಸಿನ ಶಿಶ್ನದ ಮುಂದೊಗಲನ್ನು ಬಹಳ ಸಲ ಅಲ್ಲೇ ತೆಗೆದು ಕಳಿಸುತ್ತಾರೆ. ಅಲ್ಲಿ ನೆಲೆಸಿರುವ ಕನ್ನಡದ ಮನೆಗಳಿಂದ ನನಗೆ ಫೋನ್ ಬರುವುದು ಸಾಮಾನ್ಯವಾಗಿ ಆ ಹೊತ್ತಿನಲ್ಲೇ. "ಡಾಕ್ಟ್ರೇ, ಇಲ್ಲಿ ಜಾಸ್ತಿ ಜನ ಮಾಡಿಸ್ತಾರೆ. ಇನ್ಫೆಕ್ಷನ್ ಬರಲ್ವಂತೆ, ಕ್ಯಾನ್ಸರ್ ಬರಲ್ವಂತೆ. ನಾಳೆ ಬೆಳಿಗ್ಗೆ ಹೇಳ್ಬೇಕು." ಬಾಣಂತನಕ್ಕೆ ಹೋದ ಅಜ್ಜಿ ಹಿಂದಿನಿಂದ "ನಮ್ಮಲ್ಲಿ ಅದೆಲ್ಲ ಇಲ್ಲ ಕಣೋ" ಅನ್ನುವುದೂ ಕೇಳಿಸುತ್ತದೆ.

ನಾನು ವಾಪಸ್ ಕೇಳುವ ಪ್ರಶ್ನೆ ಬೇರೆ. ಈಗ ಮಾಡಿಸದೆ ಕಾದರೆ ಮಗುವಿಗೆ ಏನು ನಷ್ಟ? ಚರ್ಮವನ್ನು ಹಾಗೇ ಬಿಟ್ಟರೆ ಇಪ್ಪತ್ತು ವರ್ಷದ ಮೇಲೆ ಬೇಕಾದರೂ ತೆಗೆಸಬಹುದು. ತೆಗೆಸಿದ ಮೇಲೆ ವಾಪಸ್ ಇಡೋಕೆ ಆಗಲ್ಲ. ಹಾಗಾಗಿ ಲಾಭಗಳನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿಬಿಡಬಾರದು. ಯಾವ ಲಾಭ ಯಾವ ವಯಸ್ಸಿನಲ್ಲಿ ಸಿಗುತ್ತದೆ, ಯಾವ ಊರಿನ ಯಾರಿಗೆ ಸಿಗುತ್ತದೆ, ಬೇರೆ ದಾರಿಯಲ್ಲೂ ಸಿಗುತ್ತದಾ, ಇದನ್ನೆಲ್ಲ ಬಿಡಿಸಿ ನೋಡಬೇಕು.

ಕಾದರೆ ಕೈತಪ್ಪುವ ಲಾಭ ಒಂದಿದೆ. ಅದನ್ನೇ ಮೊದಲು ಹೇಳುತ್ತೇನೆ. ಮೂತ್ರದ ಸೋಂಕು ಗಂಡು ಮಕ್ಕಳಿಗೆ ಹೆಚ್ಚಾಗಿ ಬರುವುದು ಹುಟ್ಟಿದ ಮೊದಲ ವರ್ಷದಲ್ಲಿ. ಸುನ್ನತ್ ಆಗದ ಸಾವಿರ ಕೂಸುಗಳಲ್ಲಿ ಸುಮಾರು 10ಕ್ಕೆ ಆ ವರ್ಷ ಸೋಂಕು ಆಗುತ್ತದೆ. ಸುನ್ನತ್ ಆದ ಸಾವಿರದಲ್ಲಿ ಒಂದಕ್ಕೋ ಎರಡಕ್ಕೋ. "ಹತ್ತು ಪಟ್ಟು ಕಡಿಮೆ" ಅಂದಾಗ ದೊಡ್ಡದಾಗಿ ಕೇಳಿಸುತ್ತದೆ, ಸುಳ್ಳೂ ಅಲ್ಲ. 2005ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಇದನ್ನೇ ಇನ್ನೊಂದು ಕಡೆಯಿಂದ ಎಣಿಸಿತು. ಒಂದು ಸೋಂಕು ತಪ್ಪಬೇಕಾದರೆ 111 ಆರೋಗ್ಯವಂತ ಮಕ್ಕಳಿಗೆ ಸುನ್ನತ್ ಆಗಬೇಕು. ಆಪರೇಷನ್ ಆದ ನೂರರಲ್ಲಿ ಇಬ್ಬರಿಗೆ ರಕ್ತ ಸುರಿಯುವುದು, ಗಾಯ ಕೀವಾಗುವುದು ಇಂಥ ತೊಂದರೆ ಆಗುತ್ತದೆ ಅಂತ ಅವರು ಹಿಡಿದರು. ಆ ಲೆಕ್ಕದಲ್ಲಿ ಆರೋಗ್ಯವಂತ ಮಕ್ಕಳಿಗೆ ತಪ್ಪಿದ ತೊಂದರೆಗಿಂತ ಬಂದ ತೊಂದರೆಯೇ ಜಾಸ್ತಿ. ನುರಿತವರು ನವಜಾತ ಶಿಶುವಿಗೆ ಮಾಡಿದರೆ ತೊಂದರೆ ಇನ್ನೂ ಕಡಿಮೆ, ಬಹುಪಾಲು ಸಣ್ಣವೇ, ಅದನ್ನೂ ಹೇಳಬೇಕು. ಮೂತ್ರದ ಸೋಂಕಿಗೆ ಆಂಟಿಬಯೋಟಿಕ್ ಇದೆ, ಬೇಗ ಪತ್ತೆ ಮಾಡಿದರೆ ವಾಸಿಯಾಗುತ್ತದೆ, ಅದನ್ನೂ ಹೇಳಬೇಕು. ಆದರೆ ಸೋಂಕು ಮರುಕಳಿಸುವ ಮಕ್ಕಳಲ್ಲಿ ಆ 111 ಇಳಿದು 11 ಆಗುತ್ತದೆ. ಮೂತ್ರ ಚೀಲದಿಂದ ಕಿಡ್ನಿ ಕಡೆಗೆ ಮೂತ್ರ ಜೋರಾಗಿ ಹಿಮ್ಮುಖ ಹರಿಯುವ ಮಕ್ಕಳಲ್ಲಿ ಬರೀ 4. ಅಂಥ ಮಗು ಬಂದರೆ, ಯಾವ ಧರ್ಮದ ಮನೆಯದೇ ಇರಲಿ, ಸುನ್ನತ್ ಬಗ್ಗೆ ಮಾತಾಡಿ ಅಂತ ನಾನೇ ಮಕ್ಕಳ ಸರ್ಜನ್ ಹತ್ತಿರ ಕಳಿಸುತ್ತೇನೆ.

ಇನ್ನು ಎಚ್‌ಐವಿ. ಸುನ್ನತ್ ಆದ ಗಂಡಸರಿಗೆ ಎಚ್‌ಐವಿ ತಗಲುವುದು "60%" ಕಡಿಮೆ ಅಂತ ಎಲ್ಲರ ಬಾಯಲ್ಲೂ ಇದೆ, ಆ ಅಂಕಿ ಎಲ್ಲಿಂದ ಬಂತು ಅಂತ ನೋಡಿ. ದಕ್ಷಿಣ ಆಫ್ರಿಕಾದ ಆರೆಂಜ್ ಫಾರ್ಮ್‌ನಲ್ಲಿ 18ರಿಂದ 24 ವಯಸ್ಸಿನ 3,274 ಯುವಕರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ತಕ್ಷಣ ಸುನ್ನತ್ ಮಾಡಿದರು, ಇನ್ನೊಂದಕ್ಕೆ ಆಮೇಲೆ ಮಾಡುತ್ತೇವೆ ಅಂದರು. ಸರಾಸರಿ ಒಂದೂವರೆ ವರ್ಷದಲ್ಲಿ ಮೊದಲ ಗುಂಪಿನಲ್ಲಿ 20 ಜನರಿಗೆ, ಎರಡನೆಯದರಲ್ಲಿ 49 ಜನರಿಗೆ ಎಚ್‌ಐವಿ ತಗಲಿತ್ತು. ಕೀನ್ಯಾದ ಕಿಸುಮು, ಉಗಾಂಡಾದ ರಕಾಯಿಯಲ್ಲೂ ಹೆಚ್ಚುಕಡಿಮೆ ಇದೇ ಬಂತು. ಇದು ಗಟ್ಟಿ ಪುರಾವೆ, ಅದನ್ನು ತಳ್ಳಿಹಾಕುವವರ ಜೊತೆ ನಾನಿಲ್ಲ. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದರ ಮೇಲೆಯೇ ಶಿಫಾರಸು ಮಾಡಿತು. ಆದರೆ ಯಾರಿಗೆ? ಎಚ್‌ಐವಿ ಬಹಳ ಹರಡಿದ್ದ, ಸುನ್ನತ್ ಕಡಿಮೆ ಇದ್ದ ಪೂರ್ವ ಮತ್ತು ದಕ್ಷಿಣ ಆಫ್ರಿಕಾದ ದೇಶಗಳಿಗೆ. ಪ್ರಯೋಗಕ್ಕೆ ಬಂದವರು ತಾವೇ ಒಪ್ಪಿ ಸಹಿ ಹಾಕಿದ ಹುಡುಗರು, ಗಂಡಸರು, ಶಿಶುಗಳಲ್ಲ. ರಕ್ಷಣೆ ಸಿಕ್ಕಿದ್ದು ಹೆಣ್ಣಿನಿಂದ ಗಂಡಿಗೆ ಹರಡುವುದರಿಂದ. ಸೋಂಕಿರುವ ಗಂಡನಿಂದ ಹೆಂಡತಿಗೆ ಹರಡುವುದು ಇದರಿಂದ ಕಡಿಮೆಯಾಗಲಿಲ್ಲ ಅಂತ ರಕಾಯಿಯಲ್ಲೇ ನಡೆದ ಇನ್ನೊಂದು ಪ್ರಯೋಗ ತೋರಿಸಿತು. ಭಾರತದಲ್ಲಿ ವಯಸ್ಕರಲ್ಲಿ ಎಚ್‌ಐವಿ ಸುಮಾರು 0.2%. ಡಲ್ಲಾಸ್‌ನಲ್ಲಿ ಮೊನ್ನೆ ಹುಟ್ಟಿದ ಕೂಸಿಗೆ ಈ ಲಾಭ ಬೇಕಾಗುವುದಿದ್ದರೆ ಹದಿನೈದು, ಇಪ್ಪತ್ತು ವರ್ಷ ಆದಮೇಲೆ. ಅಷ್ಟು ಹೊತ್ತಿಗೆ ಅವನು ಕಾಂಡೋಮ್ ಬಗ್ಗೆ ತಿಳಿದಿರುತ್ತಾನೆ, ಬೇಕಿದ್ದರೆ ಸುನ್ನತ್ ಬಗ್ಗೆ ತಾನೇ ಡಾಕ್ಟರನ್ನು ಕೇಳುತ್ತಾನೆ.

ಶಿಶ್ನದ ಕ್ಯಾನ್ಸರ್ ಅಪರೂಪದ್ದು. ಅಮೆರಿಕದಲ್ಲಿ ವರ್ಷಕ್ಕೆ ಲಕ್ಷ ಗಂಡಸರಲ್ಲಿ ಒಬ್ಬರ ಆಸುಪಾಸು. ಅಪಾಯ ಜಾಸ್ತಿ ಇರುವುದು ದೊಡ್ಡವರಾದ ಮೇಲೂ ಚರ್ಮ ಬಿಗಿಯಾಗೇ ಉಳಿದವರಿಗೆ. ಈ ಕ್ಯಾನ್ಸರಿಗೆ ಕಾರಣವಾಗಬಲ್ಲ ಎಚ್‌ಪಿವಿ ವೈರಸ್ಸಿನ ವಿರುದ್ಧ ಲಸಿಕೆ, ಶುಚಿತ್ವ, ಬಿಗಿತಕ್ಕೆ ಸಮಯಕ್ಕೆ ಸರಿಯಾದ ಚಿಕಿತ್ಸೆ, ಇವಿಷ್ಟಿದ್ದರೆ ಇದೊಂದಕ್ಕಾಗಿ ಎಳೆಕೂಸಿಗೆ ಕತ್ತರಿ ಹಾಕಬೇಕಾಗಿಲ್ಲ.

ಇದೇ ಪುರಾವೆ ಓದಿದ ಡಾಕ್ಟರ್‌ಗಳು ಬೇರೆ ಬೇರೆ ತೀರ್ಮಾನಕ್ಕೆ ಬಂದಿದ್ದಾರೆ, ಗೊತ್ತಾ? 2012ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಲಾಭ ಅಪಾಯಕ್ಕಿಂತ ಹೆಚ್ಚು ಅಂದಿತು. ಆದರೆ ಎಲ್ಲ ಮಕ್ಕಳಿಗೂ ಮಾಡಿ ಅನ್ನುವಷ್ಟಲ್ಲ, ತಂದೆತಾಯಿ ತೀರ್ಮಾನಿಸಲಿ ಅಂತ ಅದೇ ಉಸಿರಿನಲ್ಲಿ ಹೇಳಿತು. ಫೋನ್ ಮಾಡುವವರಿಗೆ ಮೊದಲರ್ಧ ಮಾತ್ರ ತಲುಪಿರುತ್ತದೆ. ಮುಂದಿನ ವರ್ಷವೇ ಯುರೋಪಿನ ವೈದ್ಯರು ಬಹುಪಾಲು ಇದ್ದ 38 ಜನರ ಗುಂಪು, ನಿಮ್ಮ ತೀರ್ಮಾನದಲ್ಲಿ ನಿಮ್ಮ ದೇಶದ ರೂಢಿಯ ಪ್ರಭಾವ ಇದೆ ಅಂತ ಅಕಾಡೆಮಿಯದೇ ಪತ್ರಿಕೆಯಲ್ಲಿ ಬರೆಯಿತು. ಹಾಲೆಂಡಿನ ವೈದ್ಯರ ಸಂಘ 2010ರಲ್ಲೇ, ಹುಡುಗ ತಾನೇ ನಿರ್ಧರಿಸುವ ವಯಸ್ಸಿನವರೆಗೆ ಕಾಯಿರಿ ಅಂದಿತ್ತು. ಕೆನಡಾದ ಮಕ್ಕಳ ವೈದ್ಯರು 2015ರಲ್ಲಿ ಎಲ್ಲರಿಗೂ ಶಿಫಾರಸು ಮಾಡಲ್ಲ ಅಂದರು. ಓದಿದ ಪುರಾವೆ ಹೆಚ್ಚುಕಡಿಮೆ ಒಂದೇ, ತೂಗಿದ ಕೈ ಬೇರೆ. ಅಪಾಯ ಎಷ್ಟು ಅಂತ ಅಂಕಿ ಹೇಳಬಹುದು, ಆ ಅಪಾಯವನ್ನು ಮಗುವಿನ ಪರವಾಗಿ ಒಪ್ಪುವವರು ಯಾರು ಅಂತ ಅಂಕಿ ಹೇಳಲ್ಲ.

ಇಷ್ಟರಲ್ಲಿ ನೋವಿನ ಮಾತು ಮರೆತೇ ಹೋಗುತ್ತದೆ. ಕೂಸನ್ನು ಅದರ ಮೈ ಅಳತೆಗೆ ಮಾಡಿದ ಪ್ಲಾಸ್ಟಿಕ್ ಹಲಗೆಯ ಮೇಲೆ ಮಲಗಿಸಿ ಕೈಕಾಲಿಗೆ ಪಟ್ಟಿ ಬಿಗಿಯುತ್ತಾರೆ. ಆ ವಯಸ್ಸಿನಲ್ಲಿ ಮುಂದೊಗಲು ಒಳಗಿನ ಭಾಗಕ್ಕೆ ಅಂಟಿಕೊಂಡೇ ಇರುತ್ತದೆ. ಮೊದಲು ಕಡ್ಡಿಯಂಥ ಉಪಕರಣದಿಂದ ಅದನ್ನು ಬಿಡಿಸಬೇಕು, ಆಮೇಲೆ ಕ್ಲಾಂಪ್ ಹಾಕಿ ಕತ್ತರಿಸುವುದು. ಎಳೆಕೂಸಿಗೆ ನೋವು ಅಷ್ಟಾಗಿ ಗೊತ್ತಾಗಲ್ಲ ಅಂತ 1980ರ ದಶಕದವರೆಗೂ ಡಾಕ್ಟರ್‌ಗಳಲ್ಲೇ ಬಹಳ ಜನ ನಂಬಿದ್ದರು. ಆ ನಂಬಿಕೆ ತಪ್ಪು. 1997ರಲ್ಲಿ ಕೆನಡಾದ ಒಂದು ಅಧ್ಯಯನ, ಮರಗಟ್ಟಿಸುವ ಔಷಧಿ ಇಲ್ಲದೆ ಸುನ್ನತ್ ಆದ ಮಕ್ಕಳು ನಾಲ್ಕಾರು ತಿಂಗಳ ಮೇಲೆ ಲಸಿಕೆ ಸೂಜಿಗೂ ಹೆಚ್ಚು ಹೊತ್ತು ಅಳುತ್ತವೆ ಅಂತ ತೋರಿಸಿತು. ಹಾಗಾಗಿ ಮಾಡಿಸುವುದೇ ಆದರೆ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತೀರಾ ಅಂತ ಬಾಯಿಬಿಟ್ಟು ಕೇಳಿ. ಬರೀ ಸಕ್ಕರೆ ನೀರು ಚೀಪಿಸುವುದು ಸಾಕಾಗಲ್ಲ.

"ಲಸಿಕೆಗೂ ಮಗುವನ್ನು ಕೇಳಲ್ಲ, ಇದಕ್ಕೆ ಮಾತ್ರ ಯಾಕೆ?" ಅಂತ ತುಂಬ ಜನ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ದಡಾರ, ನಾಯಿಕೆಮ್ಮು ಬರುವುದು ಮಗುವಾಗಿದ್ದಾಗಲೇ, ಪಕ್ಕದ ಮಗುವಿಗೂ ಹರಡುತ್ತವೆ. ಕಾದರೆ ಜೀವಕ್ಕೇ ಅಪಾಯ, ಲಸಿಕೆಯಷ್ಟು ಕೆಲಸ ಮಾಡುವ ಬೇರೆ ದಾರಿಯೂ ಇಲ್ಲ. ಮೈಯಿಂದ ಏನನ್ನೂ ತೆಗೆಯುವುದೂ ಇಲ್ಲ. ಸುನ್ನತ್‌ನ ಹೆಚ್ಚಿನ ಲಾಭ ದೊಡ್ಡವನಾದ ಮೇಲಿನದು. ಹೌದು, ದೊಡ್ಡವರಿಗೆ ಮಾಡಿದರೆ ಹೊಲಿಗೆ, ಖರ್ಚು, ಕೆಲವು ವಾರ ಜಾಗ್ರತೆ, ಎಲ್ಲ ಜಾಸ್ತಿ. ಶಿಶುವಿಗೆ ಸುಲಭ ಅನ್ನುವ ವಾದದಲ್ಲಿ ನಿಜವಿದೆ. ಆದರೆ ಹಾಗೆ ಬಿಟ್ಟ ಹುಡುಗರಲ್ಲಿ ಬಹುಪಾಲು ಜನರಿಗೆ ಅದು ಯಾವತ್ತೂ ಬೇಕಾಗುವುದೇ ಇಲ್ಲ ಅಲ್ವಾ?

ಹಾಗಾದರೆ ನಂಬಿಕೆಯ ಮನೆಗಳು? ಇಲ್ಲಿ ನನ್ನ ಮಾತು ಸ್ವಲ್ಪ ನಿಧಾನವಾಗುತ್ತದೆ. 2012ರಲ್ಲಿ ಜರ್ಮನಿಯ ಕಲೋನ್ ನಗರದ ಕೋರ್ಟು, ನಾಲ್ಕು ವರ್ಷದ ಮುಸ್ಲಿಂ ಹುಡುಗನ ಪ್ರಕರಣದಲ್ಲಿ, ಧರ್ಮದ ಕಾರಣಕ್ಕೆ ಮಾಡುವ ಸುನ್ನತ್ ಮಗುವಿನ ದೇಹಕ್ಕೆ ಮಾಡುವ ಹಾನಿ ಅಂದಿತು. ಎರಡು ದಿನ ಕಳೆದು ರಕ್ತ ಸುರಿದು ಆ ಮಗುವನ್ನು ಆಸ್ಪತ್ರೆಗೆ ಒಯ್ದಿದ್ದರು. ಡಾಕ್ಟರಿಗೆ ಶಿಕ್ಷೆ ಆಗಲಿಲ್ಲ, ಆದರೆ ಯಹೂದಿ, ಮುಸ್ಲಿಂ ಮನೆಗಳು ನಡುಗಿದವು. ಅದೇ ಡಿಸೆಂಬರ್‌ನಲ್ಲಿ ಜರ್ಮನಿಯ ಸಂಸತ್ತು, ವೈದ್ಯಕೀಯ ನಿಯಮದಂತೆ ಮಾಡುವುದಾದರೆ ತಂದೆತಾಯಿ ಒಪ್ಪಬಹುದು ಅಂತ ಕಾನೂನು ತಂದಿತು. ನನಗೆ ಸರಿ ಅನ್ನಿಸುವುದು ಸಂಸತ್ತಿನ ದಾರಿ. ಯಹೂದಿಗಳಿಗೆ ಎಂಟನೇ ದಿನ, ನಮ್ಮ ಮುಸ್ಲಿಂ ಮನೆಗಳಿಗೆ ಬಾಲ್ಯದ ಯಾವುದೋ ಒಂದು ದಿನ, ಮಗು ತನ್ನವರ ಜೊತೆ ಸೇರುವ ದಿನ. ಅಂಥ ಮನೆಯಲ್ಲಿ ಹದಿನೆಂಟರವರೆಗೆ ಕಾಯುವುದೇ ಹುಡುಗನಿಗೆ ಒಂದು ನಷ್ಟ. ಅದು ಮೈಯ ನಷ್ಟ ಅಲ್ಲದಿರಬಹುದು, ನಷ್ಟವೇ. ನಿಷೇಧಿಸಿದರೆ ಕೆಲಸ ಕದ್ದುಮುಚ್ಚಿ ನಡೆಯುತ್ತದೆ, ಕಷ್ಟಪಡುವುದು ಮಕ್ಕಳು. ಹುಡುಗಿಯರ ಜನನಾಂಗ ಕತ್ತರಿಸುವುದನ್ನು ಇದರ ಜೊತೆ ಸೇರಿಸಬೇಡಿ, ಅದರಿಂದ ಆರೋಗ್ಯಕ್ಕೆ ಒಂದೂ ಲಾಭವಿಲ್ಲ, ಹಾನಿ ಮಾತ್ರ. ಮತ್ತೆ ಈ ಚರ್ಚೆಯನ್ನು ಒಂದು ಸಮುದಾಯವನ್ನು ಹೀಯಾಳಿಸುವುದಕ್ಕೆ ಬಳಸುವವರಿಗೆ ನನ್ನ ಅಂಕಿಗಳು ಬೇಡ.

ನಂಬಿಕೆ ಗೌರವಿಸುವುದು ಅಂದರೆ ಸುಮ್ನೆ ಕಣ್ಣು ಮುಚ್ಚುವುದಲ್ಲ. ಈ ಎಚ್ಚರ ಸಂಪ್ರದಾಯದೊಳಗೇ ಇದೆ. ಸುನ್ನತ್‌ನಿಂದ ಇಬ್ಬರು ಅಣ್ಣಂದಿರು ತೀರಿಕೊಂಡಿದ್ದರೆ ಮೂರನೆಯ ಮಗುವಿಗೆ ಮಾಡಬಾರದು ಅಂತ ಯಹೂದಿಗಳ ಧರ್ಮಗ್ರಂಥ ತಾಲ್ಮುಡ್ ಎಷ್ಟೋ ಶತಮಾನ ಹಿಂದೆಯೇ ಹೇಳಿದೆ. ರಕ್ತ ಹೆಪ್ಪುಗಟ್ಟದ ಕಾಯಿಲೆಗೆ ಹಿಮೋಫಿಲಿಯಾ ಅನ್ನುವ ಹೆಸರೇ ಇಲ್ಲದ ಕಾಲದಲ್ಲಿ! ನಾನೂ ಪ್ರತಿ ಮನೆಯಲ್ಲಿ ಅದನ್ನೇ ಕೇಳುತ್ತೇನೆ. ತಾಯಿಯ ಅಣ್ಣತಮ್ಮಂದಿರಿಗೆ ಗಾಯವಾದರೆ ರಕ್ತ ನಿಲ್ಲದ ತೊಂದರೆ ಇತ್ತಾ? ಮೂತ್ರದ ರಂಧ್ರ ತುದಿಯಲ್ಲೇ ಇದೆಯಾ, ಕೆಳಗೆ ಇದೆಯಾ? ಕೆಳಗಿದ್ದರೆ ಸುನ್ನತ್ ಬೇಡವೇ ಬೇಡ, ಅದನ್ನು ಸರಿಪಡಿಸುವ ಆಪರೇಷನ್‌ಗೆ ಅದೇ ಮುಂದೊಗಲು ಬೇಕಾಗುತ್ತದೆ. ದಿನ ತುಂಬದೆ ಹುಟ್ಟಿದ ಕೂಸು, ಹುಷಾರಿಲ್ಲದ ಕೂಸು ಕಾಯಲಿ. ಉಳಿದವರಿಗೆ ತರಬೇತಿ ಪಡೆದ ಸರ್ಜನ್, ಶುದ್ಧ ಉಪಕರಣ, ಮರಗಟ್ಟಿಸುವ ಔಷಧಿ. ಐದಾರು ವರ್ಷದ ಹುಡುಗನಾದರೆ ಏನು ನಡೆಯುತ್ತದೆ ಅಂತ ಅವನಿಗೆ ಮೊದಲೇ ಹೇಳಿ. ಚಾಕಲೇಟ್ ಕೊಡಿಸುತ್ತೇನೆ ಅಂತ ಸುಳ್ಳು ಹೇಳಿ ಕರೆದುಕೊಂಡು ಬಂದ ಮಗುವಿನ ಮುಖ ನೋಡಿದವರಿಗೆ ಇದು ಅರ್ಥವಾಗುತ್ತದೆ.

ನಂಬಿಕೆಯ ಕಾರಣವೂ ಇಲ್ಲ, ಕಾಯಿಲೆಯೂ ಇಲ್ಲ ಅನ್ನುವ ಮನೆಗಳಿಗೆ, ಅಮೆರಿಕದಲ್ಲಿರಲಿ ಅರಸೀಕೆರೆಯಲ್ಲಿರಲಿ, ನನ್ನ ಸಲಹೆ ಬಿಟ್ಟುಬಿಡಿ ಅಂತಲೇ. ಬಿಡುವುದು ಅಂದರೆ ನಿಜವಾಗಿಯೂ ಬಿಡುವುದು. ನಮ್ಮಲ್ಲಿ ಎಣ್ಣೆ ನೀರು ಹಾಕುವಾಗ ಅಜ್ಜಿಯೋ ಸ್ನಾನ ಮಾಡಿಸಲು ಬರುವವರೋ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಆ ಚರ್ಮವನ್ನು ದಿನಾ ಹಿಂದಕ್ಕೆ ಎಳೆದು ಎಣ್ಣೆ ಬಿಡುತ್ತಾರೆ. ಪ್ರೀತಿಯಿಂದಲೇ ಮಾಡುವುದು, ಆದರೆ ಬೇಡ. ಎಳೆದಾಗ ಸಣ್ಣಗೆ ಸೀಳುತ್ತದೆ, ಸೀಳಿದ್ದು ಮಾಯುವಾಗ ಗಟ್ಟಿಯಾಗುತ್ತದೆ. ಹೀಗೆ ಇಲ್ಲದ ಬಿಗಿತವನ್ನು ನಾವೇ ತಂದುಕೊಳ್ಳುತ್ತೇವೆ. ಡೆನ್ಮಾರ್ಕಿನಲ್ಲಿ ಶಾಲೆ ಹುಡುಗರನ್ನು ವರ್ಷಗಟ್ಟಲೆ ನೋಡಿ 1968ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 6-7 ವರ್ಷದ ನೂರರಲ್ಲಿ 63 ಹುಡುಗರಿಗೆ ಚರ್ಮ ಇನ್ನೂ ಅಂಟಿಕೊಂಡೇ ಇತ್ತು. 16-17ಕ್ಕೆ ಬರುವಾಗ 3 ಜನರಿಗೆ ಮಾತ್ರ. ಅಂದರೆ ಎರಡು ವರ್ಷದ ಮಗುವಿಗೆ "ಟೈಟ್ ಇದೆ, ಆಪರೇಷನ್ ಆಗಬೇಕು" ಅಂದರೆ ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ದೊಡ್ಡ ಹುಡುಗನಲ್ಲಿ ಬಿಗಿತ ಉಳಿದು ತೊಂದರೆ ಕೊಟ್ಟರೂ, ಡಾಕ್ಟರ್ ಬರೆದುಕೊಡುವ ಸ್ಟಿರಾಯ್ಡ್ ಮುಲಾಮು ಕೆಲವು ವಾರ ಹಚ್ಚಿದರೆ ಹೆಚ್ಚಿನವರಿಗೆ ಸಡಿಲವಾಗುತ್ತದೆ.

ಮೂತ್ರ ಮಾಡುವಾಗ ಚರ್ಮ ಸ್ವಲ್ಪ ಉಬ್ಬುವುದು, ಒಳಗೆ ಬಿಳಿ ಮುತ್ತಿನಂಥ ಗಂಟು ಕಾಣುವುದು, ಇವಕ್ಕೆ ಹೆದರಬೇಡಿ. ತುದಿ ಬೆಳ್ಳಗಾಗಿ ಗಟ್ಟಿಯಾದರೆ, ಮೂತ್ರ ಹನಿಹನಿಯಾಗಿ ಬಂದರೆ, ಕಾರಣ ಗೊತ್ತಾಗದ ಜ್ವರ ಬಂದರೆ ತೋರಿಸಿ. ಹಿಂದಕ್ಕೆ ಹೋದ ಚರ್ಮ ಮುಂದೆ ಬರದೆ ಊದಿಕೊಂಡರೆ ಮಾತ್ರ ಬೆಳಗಾಗಲಿ ಅಂತ ಕೂರಬೇಡಿ, ಅದೇ ರಾತ್ರಿ ಆಸ್ಪತ್ರೆಗೆ ಹೋಗಿ.