ಬರಿಯಲ್ ರಿಜಿಸ್ಟರ್: ಮಣ್ಣಿನ ಉತಾರ

ನಮ್ಮ ಬೆಳಗಾವಿ ಕಡೆ ಯಾರಾದರೂ ತೀರಿಕೊಂಡಾಗ ‘ಮಣ್ಣಿಗೆ ಹೋಗಿ ಬಂದೆ’ ಎನ್ನುತ್ತೇವೆ. ಲಿಂಗಾಯತರು ಹೂಳುತ್ತಾರೆ, ಮುಸಲ್ಮಾನರು ಹೂಳುತ್ತಾರೆ, ಕ್ರೈಸ್ತರೂ ಹೂಳುತ್ತಾರೆ. ಹಾಗಾಗಿ ಮಣ್ಣು ಮಾಡುವುದು ಇಲ್ಲಿ ಯಾರಿಗೂ ಹೊಸದಲ್ಲ. ಮಣ್ಣು ಮಾಡಿ ಬಂದವರು ಕೈಕಾಲು ತೊಳೆದು ಅದನ್ನು ಪುಸ್ತಕದಲ್ಲಿ ಬರೆದಿಡುವ ರೂಢಿ ಮಾತ್ರ ಚರ್ಚಿನೊಡನೆ ಬಂತು. ಆ ಪುಸ್ತಕವೇ ಬರಿಯಲ್ ರಿಜಿಸ್ಟರ್. ಹೊಲಕ್ಕೆ ಉತಾರ (ಪಹಣಿ) ಇದ್ದ ಹಾಗೆ ಗೋರಿಗೆ ಇದು.

ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಉತಾರದಲ್ಲಿ ಸರ್ವೆ ನಂಬರು ಇರುತ್ತದೆ. ಹಳೆಯ ರಿಜಿಸ್ಟರಿನಲ್ಲಿ ಗೋರಿ ಎಲ್ಲಿದೆ ಎಂಬುದು ಹೆಚ್ಚಾಗಿ ಇರುವುದೇ ಇಲ್ಲ. ಸತ್ತ ದಿನ, ಹೂಳಿದ ದಿನ, ಹೆಸರು, ವಯಸ್ಸು, ಉದ್ಯೋಗ, ಸಾವಿನ ಕಾರಣ, ಕೊನೆಗೆ ಪ್ರಾರ್ಥನೆ ಹೇಳಿದ ಪಾದ್ರಿಯ ಸಹಿ: ಇಷ್ಟು ಅಂಕಣಗಳು. ಕೆಲವು ಪುಸ್ತಕಗಳಲ್ಲಿ ಸತ್ತ ದಿನವೂ ಇಲ್ಲ, ಹೂಳಿದ ದಿನ ಮಾತ್ರ. ಏಕೆಂದರೆ ಪಾದ್ರಿ ದಾಖಲಿಸುತ್ತಿದ್ದುದು ತಾನು ನಡೆಸಿದ ವಿಧಿಯನ್ನು. ಜ್ಞಾನಸ್ನಾನದ (ಬ್ಯಾಪ್ಟಿಸಂ) ಪುಸ್ತಕವೂ ಹಾಗೆಯೇ. ಅದರಲ್ಲಿರುವ ತಾರೀಖನ್ನು ಹುಟ್ಟಿದ ದಿನವೆಂದು ತಿಳಿದು ವಂಶವೃಕ್ಷ ಬರೆದವರು ಬೇಕಾದಷ್ಟು ಜನ ಇದ್ದಾರೆ.

ರೂಢಿಯ ಬೇರು ಯುರೋಪಿನಲ್ಲಿದೆ. ಇಂಗ್ಲೆಂಡಿನಲ್ಲಿ 1538ರಲ್ಲಿ ರಾಜ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಪ್ರತಿ ಚರ್ಚೂ ಇಂಥ ಪುಸ್ತಕ ಇಡಬೇಕೆಂದು ಆಜ್ಞೆ ಹೊರಡಿಸಿದ. ಕ್ಯಾಥೊಲಿಕರಲ್ಲಿ ಸಾವಿನ ಪುಸ್ತಕ ಕಡ್ಡಾಯವಾದದ್ದು 1614ರ ವಿಧಿಗ್ರಂಥದಿಂದ. ನಮ್ಮಲ್ಲಿ ಇವೆರಡೂ ಧಾರೆಗಳಿವೆ. ಬೆಳಗಾವಿ ಧರ್ಮಪ್ರಾಂತ್ಯ (ಕ್ಯಾಥೊಲಿಕ್ ಬಿಷಪ್ಪರ ಆಡಳಿತದ ಪ್ರದೇಶ) ಆದದ್ದು 1953ರಲ್ಲಿ. ಅದಕ್ಕೆ ಮೊದಲು ಖಾನಾಪುರದ ಕಡೆಯ ಚರ್ಚುಗಳ ನಂಟು ಗೋವೆಯೊಡನೆ. ಅಂಥ ಕಡೆ ಹಳೆಯ ಹಾಳೆಯಲ್ಲಿ ಪೋರ್ಚುಗೀಸಿನ ‘ಓಬಿತು’ (ಸಾವು) ಕಂಡರೆ ಬೆರಗಾಗಬೇಕಿಲ್ಲ. ಗುಳೇದಗುಡ್ಡಕ್ಕೆ 1851ರಲ್ಲಿ ಬಂದದ್ದು ಪ್ರೊಟೆಸ್ಟೆಂಟರಾದ ಬಾಸೆಲ್ ಮಿಷನ್ನಿನವರು. ಅವರದು ಜರ್ಮನ್ ಮಾತಿನ ಮನೆ.

ಬೆಳಗಾವಿ ಕ್ಯಾಂಪಿನ ಬಿಳಿಯ ಸೋಲ್ಜರ್‌ಗಳ ಸಾವಿಗೆ ಇನ್ನೊಂದು ಅನುಕೂಲವಿತ್ತು. ಈಸ್ಟ್ ಇಂಡಿಯಾ ಕಂಪನಿಯ ಪಾದ್ರಿ ಬರೆದದ್ದರ ನಕಲು ಸಮುದ್ರ ದಾಟಿ ಲಂಡನ್ನಿಗೆ ಹೋಗುತ್ತಿತ್ತು. ಇಂದು ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಮುಂಬೈ ಪ್ರಾಂತ್ಯದ ಕಟ್ಟುಗಳಿಗೆ ಎನ್/3 ಎಂಬ ಗುರುತು. ಆ ಕಟ್ಟುಗಳಲ್ಲಿರುವವರು ಹೆಚ್ಚಾಗಿ ಯುರೋಪಿನವರು ಮತ್ತು ಅವರ ಸಂತತಿ. ಹಳ್ಳಿಯ ಕನ್ನಡ ಕ್ರೈಸ್ತನಿಗೆ ಇದ್ದದ್ದು ಹಳ್ಳಿಯ ಚರ್ಚಿನ ಕಪಾಟಿನೊಳಗಿನ ಒಂದೇ ಪ್ರತಿ. ಅದಕ್ಕೆ ಗೆದ್ದಲು ಹಿಡಿದರೆ ಅಲ್ಲಿಗೆ ಮುಗಿಯಿತು.

ಹಾಗಾದರೆ ಗೋರಿಯ ಮೇಲಿನ ಕಲ್ಲು? ಕಲ್ಲು ಕೆತ್ತಿಸಲು ಹಣ ಬೇಕು. ನೇಕಾರನ ಮೂರು ದಿನದ ಕೂಸಿಗೆ ಯಾರು ಕಲ್ಲು ನಿಲ್ಲಿಸುತ್ತಾರೆ? ಪುಸ್ತಕದಲ್ಲಿ ಆ ಕೂಸಿಗೂ ಕಲೆಕ್ಟರನಿಗೂ ಒಂದೊಂದೇ ಸಾಲು. ಕಲ್ಲಿಗೆ ಜಾಗ ಗೊತ್ತು, ಜನ ಕೆಲವರೇ ಗೊತ್ತು; ಪುಸ್ತಕಕ್ಕೆ ಜನರೆಲ್ಲ ಗೊತ್ತು, ಜಾಗ ಗೊತ್ತಿಲ್ಲ. ಎರಡನ್ನೂ ಜೊತೆಗಿಟ್ಟು ಓದದೆ ಬೇರೆ ದಾರಿಯಿಲ್ಲ.

ಕಾನೂನಿನ ಮಾತು ಚಿಕ್ಕದು: 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಮರಣ ಪ್ರಮಾಣಪತ್ರ ಕೊಡುವುದು ಸರ್ಕಾರದ ನೋಂದಣಾಧಿಕಾರಿ. ಚರ್ಚಿನ ಪುಸ್ತಕ ಹಿಂದಿನ ಕಾಲದ ಹುಡುಕಾಟಕ್ಕೆ.

ಹುಡುಕಲು ಬರುವವರಿಗೆ ಫಾದರ್ ಅಥವಾ ಸಭಾಪಾಲಕರು ಕೇಳುವ ಮೊದಲ ಪ್ರಶ್ನೆ ‘ಯಾವ ವರ್ಷ?’ ಎಂಬುದು. ‘ಪ್ಲೇಗಿನ ವರ್ಷ ಎಂದು ನಮ್ಮ ಆಯಿ ಹೇಳುತ್ತಿದ್ದಳು’ ಎಂದರೆ ಮುಗಿಯಿತು. ಪ್ಲೇಗು ಒಂದೇ ವರ್ಷಕ್ಕೆ ಬಂದು ಹೋದದ್ದಲ್ಲ, 1897ರ ಆಸುಪಾಸಿನಿಂದ ಹಾಳೆ ತಿರುವುತ್ತಾ ಹೋಗಬೇಕು. ಎರಡನೆಯ ಪ್ರಶ್ನೆ ಹೆಸರಿನದು. ಮನೆಯಲ್ಲಿ ಬಾಳಪ್ಪನಾಗಿದ್ದ ಅಜ್ಜ ಪುಸ್ತಕದಲ್ಲಿ ಯೋಹಾನನಾಗಿರಬಹುದು. ಅಜ್ಜಿಯ ಹೆಸರಂತೂ ಹಲವು ಕಡೆ ಇರುವುದೇ ಇಲ್ಲ. ‘ಯೋಹಾನನ ಹೆಂಡತಿ’ ಎಂದಷ್ಟೇ ಬರೆದು, ಮುಂದಿನ ಅಂಕಣದಲ್ಲಿ ‘ಹೆರಿಗೆ’ ಎಂದಿರುತ್ತದೆ.