ಪದ ಪರಿಚಯ: ಸಂಯಮ

ಸಂಯಮ ಅಂದಕೂಡಲೇ ಕಣ್ಣು ಮುಚ್ಚಿ ಕೂತ ಋಷಿಗಳು ನೆನಪಾಗುತ್ತಾರೆ, ಅಲ್ವಾ? ಮನಶ್ಶಾಸ್ತ್ರದವರು ಈ ಪದವನ್ನು ಅಷ್ಟು ಎತ್ತರದಲ್ಲಿ ಇಟ್ಟಿಲ್ಲ. ಈಗಲೇ ಬೇಕು ಅನ್ನಿಸಿದ್ದನ್ನು ಸ್ವಲ್ಪ ತಡೆದುಕೊಳ್ಳುವುದು, ನಾಲಿಗೆ ತುದಿಗೆ ಬಂದ ಬೈಗುಳವನ್ನು ನುಂಗುವುದು, ಬೇಜಾರಾದರೂ ಹಿಡಿದ ಕೆಲಸ ಮುಗಿಸುವುದು, ಇಷ್ಟೇ. ಮನೆಮಾತಿನಲ್ಲಿ 'ಮನಸ್ಸಿನ ಮೇಲೆ ಹಿಡಿತ' ಅನ್ನಬಹುದು.

ಮಕ್ಕಳಿಗೆ ಇದು ಎಲ್ಲಿಂದ ಬರುತ್ತದೆ? ಒಂದಷ್ಟು ಹುಟ್ಟಿನಿಂದಲೇ. ಅವಳಿ ಮಕ್ಕಳ ಅಧ್ಯಯನಗಳನ್ನು ಸೇರಿಸಿ 2019ರಲ್ಲಿ ಲೆಕ್ಕ ಹಾಕಿದಾಗ, ಸಂಯಮದಲ್ಲಿ ಜನರ ನಡುವೆ ಇರುವ ವ್ಯತ್ಯಾಸದಲ್ಲಿ ಸುಮಾರು ಶೇ. 60ರಷ್ಟು ವಂಶವಾಹಿಗಳಿಂದ ಬಂದದ್ದು ಎಂದು ಕಂಡಿತು. 'ಥೇಟ್ ಅವರಪ್ಪನದೇ ಸಿಟ್ಟು' ಎಂದು ಅಜ್ಜಿಯರು ಸುಮ್ನೆ ಹೇಳುವುದಿಲ್ಲ.

ಉಳಿದದ್ದರಲ್ಲಿ ನೋಡಿ ಕಲಿಯುವುದೂ ಇದೆ. 1965ರಲ್ಲಿ ಆಲ್ಬರ್ಟ್ ಬಂಡೂರ ಮತ್ತು ವಾಲ್ಟರ್ ಮಿಶೆಲ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಬಹುಮಾನ ಚಿಕ್ಕದಾದರೂ ಸರಿ, ಈಗಲೇ ಬೇಕು ಅನ್ನುವ ಮಕ್ಕಳ ಮುಂದೆ ದೊಡ್ಡವರೊಬ್ಬರು ಕಾದು ದೊಡ್ಡದನ್ನು ಆರಿಸಿಕೊಂಡರು. ಮಕ್ಕಳೂ ಆ ಕಡೆ ವಾಲಿದರು. ಉಲ್ಟಾನೂ ಆಯಿತು: ಕಾಯುವ ಮಕ್ಕಳು, ದೊಡ್ಡವರ ಆತುರ ನೋಡಿ ಆತುರಪಟ್ಟರು.

ನನಗೆ ಜಾಸ್ತಿ ಚುಚ್ಚಿದ್ದು ಮಾತ್ರ ಅಮೆರಿಕದ ರೋಚೆಸ್ಟರ್‌ನಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗ. ಮೂರರಿಂದ ಐದು ವರ್ಷದ 28 ಮಕ್ಕಳು. 'ಇರು, ಇದಕ್ಕಿಂತ ಒಳ್ಳೆ ಕ್ರೇಯಾನ್ ತರ್ತೀನಿ' ಎಂದು ಹೇಳಿ ಹೋದವರು ಅರ್ಧ ಮಕ್ಕಳಿಗೆ ನಿಜವಾಗಿ ತಂದುಕೊಟ್ಟರು, ಉಳಿದರ್ಧಕ್ಕೆ 'ಅಯ್ಯೋ, ಇಲ್ಲ' ಎಂದು ಬರಿಗೈಲಿ ಬಂದರು. ಸ್ಟಿಕ್ಕರ್ ವಿಷಯದಲ್ಲೂ ಅದೇ ಆಟ. ಆಮೇಲೆ ಒಂದು ಮಾರ್ಷ್‌ಮ್ಯಾಲೋ ಮಿಠಾಯಿ ಮುಂದಿಟ್ಟು, ಇದನ್ನು ತಿನ್ನದೆ ಕಾದರೆ ಇನ್ನೊಂದು ಕೊಡುತ್ತೇವೆ ಅಂದರು. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮೋಸ ಹೋದವರು 3 ನಿಮಿಷ! ಅವರಲ್ಲಿ ತಾಳ್ಮೆ ಇರಲಿಲ್ಲ ಅನ್ನೋಣವೇ? ಕಾದು ಪ್ರಯೋಜನವಿಲ್ಲ ಎಂದು ಅವರಿಗೆ ಗೊತ್ತಾಗಿತ್ತು, ಅಷ್ಟೇ.

ಹೆತ್ತವರ ಸಂಯಮ ಮಗುವಿನ ಕಡೆ ಹರಿಯುವ ಒಂದು ದಾರಿ ಇದೇ ಅನ್ನಿಸುತ್ತದೆ ನನಗೆ. ನನ್ನ ಮೇಲೆ ನನಗೆ ಹಿಡಿತ ಇಲ್ಲದಿದ್ದರೆ ಕೊಟ್ಟ ಮಾತು ನಿಲ್ಲುವುದಿಲ್ಲ, ಆ ಮಾತು ನಿಲ್ಲದ ಮನೆಯಲ್ಲಿ ಮಗು ಯಾವ ನಂಬಿಕೆಯ ಮೇಲೆ ಕಾಯಬೇಕು?

ನಮ್ಮ ಮನೆಯದೇ ಹೇಳುತ್ತೇನೆ. ಮಗಳು ಲೂಡೋ ಹಾಸಿಕೊಂಡು ಕರೆಯುತ್ತಾಳೆ. ನಾನು ಸೋಫಾದಲ್ಲಿ ರೀಲ್ಸ್ ತಳ್ಳುತ್ತಾ 'ಐದೇ ನಿಮಿಷ ಪುಟ್ಟಿ' ಅನ್ನುತ್ತೇನೆ. ಅದು ಅರ್ಧ ಗಂಟೆಯಾಗುತ್ತದೆ, ಅವಳು ಕಾಯಿಗಳನ್ನು ಡಬ್ಬಿಗೆ ಹಾಕಿ ಎದ್ದುಹೋಗುತ್ತಾಳೆ. ರಾತ್ರಿ ಟಿವಿ ಆಫ್ ಮಾಡು ಅಂದರೆ ಅವಳ ಉತ್ತರ, ನನ್ನದೇ ರಾಗದಲ್ಲಿ, 'ಐದೇ ನಿಮಿಷ ಅಪ್ಪಾ'.

ಈಗ ಐದು ನಿಮಿಷ ಅಂದರೆ ಮೊಬೈಲಿನಲ್ಲಿ ಅಲಾರಂ ಇಡುತ್ತೇನೆ. ಮೊನ್ನೆ ಅದು ಬಡಿದಾಗ ಎರಡು ಸಲ ಸ್ನೂಜ್ ಒತ್ತಿದ್ದೂ ನಾನೇ.