ಮರದ ಅಚ್ಚುಮೊಳೆ: ಅಕ್ಷರಕ್ಕಿಂತ ಮೊದಲು ಮೈ ನೋಡಿ

ಹಳೆಯ ಮರದ ಅಚ್ಚುಮೊಳೆ, ಅಂದರೆ ಮಸಿ ಹಚ್ಚಿ ಕಾಗದಕ್ಕೆ ಒತ್ತಲು ಮರದಲ್ಲಿ ಕೆತ್ತಿದ ಅಕ್ಷರ, ಕೈಗೆ ಸಿಕ್ಕಿದರೆ ಎಲ್ಲರೂ ಮೊದಲು ಅಕ್ಷರದ ಚಂದ ನೋಡುತ್ತಾರೆ. ಅದನ್ನು ಓರೆ ಮಾಡಿ ಮುಖದ ಮೇಲಿನ ಎಳೆಗಳನ್ನು ನೋಡಿ. ಸಾಮಾನ್ಯವಾಗಿ ಅಲ್ಲಿ ಉದ್ದ ಗೆರೆ ಕಾಣುವುದಿಲ್ಲ, ಸಣ್ಣ ಸಣ್ಣ ಚುಕ್ಕಿ ಕಾಣುತ್ತವೆ. ಮೇಪಲ್ ಎಂಬ ಗಟ್ಟಿ ಮರದ ದಿಮ್ಮಿಯನ್ನು ಉದ್ದಕ್ಕೆ ಸೀಳದೆ ಅಡ್ಡಕ್ಕೆ ಬಿಲ್ಲೆಯಾಗಿ ಕುಯ್ದು, ಚೆನ್ನಾಗಿ ಒಣಗಿಸಿ, ಆಮೇಲೆ ಅಕ್ಷರ ಕೆತ್ತುತ್ತಿದ್ದರು. ಹಾಗೆ ಕುಯ್ದ ಮುಖ ಪ್ರೆಸ್ಸಿನ ಒತ್ತಡವನ್ನು ವರ್ಷಗಟ್ಟಲೆ ತಾಳುತ್ತದೆ.

ಸೀಸದ ಮೊಳೆ ಇರುವಾಗ ಮರ ಯಾಕೆ? ಪೋಸ್ಟರಿಗೆ ಬೇಕಾದಷ್ಟು ದೊಡ್ಡ ಅಕ್ಷರವನ್ನು ಸೀಸದಲ್ಲಿ ಎರೆದರೆ ತೂಕ ಜಾಸ್ತಿ, ಖರ್ಚೂ ಜಾಸ್ತಿ. ಲೋಹ ಒಂದೇ ಸಮ ಆರದೆ ಮುಖ ನಡುವೆ ತಗ್ಗಾಗುತ್ತಿತ್ತು. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಮರ ಕೊರೆಯಲು ರೂಟರ್ ಎಂಬ ತಿರುಗುವ ಅಲಗಿನ ಯಂತ್ರ ಬಳಸಿದ, ಮರುವರ್ಷವೇ ಮಾದರಿ ಪುಸ್ತಕ ತಂದ. 1834ರಲ್ಲಿ ವಿಲಿಯಂ ಲೆವನ್‌ವರ್ತ್ ಅದಕ್ಕೆ ಪ್ಯಾಂಟೋಗ್ರಾಫ್ ಜೋಡಿಸಿದ. ಒಂದು ತುದಿ ಮಾದರಿ ಅಕ್ಷರದ ಅಂಚು ಹಿಡಿದು ಸಾಗಿದರೆ ಇನ್ನೊಂದು ತುದಿ ಮರದಲ್ಲಿ ಅದೇ ಅಕ್ಷರ ಕೊರೆಯುತ್ತದೆ.

ಈಗ ಭೂತಗನ್ನಡಿ ಹಿಡಿದು 'ಇ' ಅಕ್ಷರದ ಒಳಮೂಲೆ ನೋಡಿ (ಇಂಗ್ಲಿಷಿನ ಐದನೆಯ ಅಕ್ಷರ). ರೂಟರಿನ ಅಲಗು ದುಂಡಗೆ ತಿರುಗುತ್ತದೆ, ಚೂಪು ಮೂಲೆಗೆ ಅದು ಹೋಗಲ್ಲ. ಆ ಚೂರನ್ನು ಒಬ್ಬರು ಕೂತು ಚಾಕುವಿನಿಂದ ತೆಗೆದಿರುತ್ತಾರೆ. ಆ ಕೈಯ ಗುರುತು ಇನ್ನೂ ಅಲ್ಲೇ ಇದೆ. ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದದ್ದು ಇದೇ.

ಹಾಗೆಯೇ ದೊಡ್ಡಕ್ಷರದ 'ಎ' ಇದ್ದರೆ ಪಕ್ಕದ ಮೈ ನೋಡಲು ಮರೆಯಬೇಡಿ. ಎಷ್ಟೋ ತಯಾರಕರು ತಮ್ಮ ಹೆಸರಿನ ಮುದ್ರೆಯನ್ನು ಅದರ ಮೇಲೆ ಒತ್ತುತ್ತಿದ್ದರು. ಸೆಟ್ಟಿನಲ್ಲಿ 'ಎ' ಕಳೆದುಹೋದರೆ ಮಾಡಿದವರು ಯಾರೆಂದು ಹೇಳುವ ಸಾಕ್ಷಿಯೂ ಹೋದ ಹಾಗೆ, ಅಲ್ವಾ?

ಕಾಪಾಡುವ ವಿಚಾರಕ್ಕೆ ಬಂದರೆ, ನೆನಪಿಡಬೇಕಾದ ಅಳತೆ 0.918 ಇಂಚು. ಅಮೆರಿಕದ ಅಚ್ಚುಮೊಳೆಗಳ ಎತ್ತರ ಅದು, ಮರದ್ದಾಗಲಿ ಸೀಸದ್ದಾಗಲಿ. ಮುಖ ಹೊಳೆಯಲಿ ಎಂದು ಸುಮ್ನೆ ಮರಳುಕಾಗದ ಉಜ್ಜಿದರೆ ಎತ್ತರ ಕಮ್ಮಿಯಾಗಿ ಮಸಿ ಹತ್ತುವುದೇ ಇಲ್ಲ. ಸವೆದು ತಗ್ಗಾದ ಮೊಳೆಗೆ ತಳದಲ್ಲಿ ತೆಳು ಕಾಗದ ಕೊಟ್ಟರೆ ಸಾಕು. ನೀರು ಮಾತ್ರ ಬೇಡವೇ ಬೇಡ, ಮರ ಉಬ್ಬಿ ಸೊಟ್ಟಗಾಗುತ್ತದೆ. ಅಚ್ಚು ಮುಗಿದ ಕೂಡಲೆ ಮಸಿ ಒರೆಸಿ, ಬಿಸಿಲು ತೇವ ತಾಗದ ಕಡೆ ಇಡಿ.

ಕೆತ್ತುವ ಕೆಲಸವೂ ಉಳಿಯಬೇಕು. 1880ರಲ್ಲಿ ಮರದ ಮೊಳೆ ಮಾಡುವ ಹ್ಯಾಮಿಲ್ಟನ್ ಕಂಪನಿ ಶುರುವಾದ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಟೂ ರಿವರ್ಸ್ ಊರಲ್ಲೇ 1999ರಲ್ಲಿ ಮ್ಯೂಸಿಯಂ ತೆರೆಯಿತು. ಹತ್ತಿರಹತ್ತಿರ 15 ಲಕ್ಷ ಮರದ ಮೊಳೆ ಅಲ್ಲಿವೆ. ಆದರೆ ಆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು ಬಂದು ಅಕ್ಷರ ಕೊರೆದು ತೋರಿಸಿದ್ದು ನನಗೆ ಆ ಲೆಕ್ಕಕ್ಕಿಂತ ದೊಡ್ಡದು. ಅಲಗನ್ನು ಎಷ್ಟು ಒತ್ತಬೇಕು, ಎಲ್ಲಿ ನಿಲ್ಲಿಸಬೇಕು ಎನ್ನುವುದನ್ನು ಪಕ್ಕದಲ್ಲಿ ನಿಂತು ನೋಡಿಯೇ ಕಲಿಯಬೇಕು.

ನಿಮ್ಮ ಹತ್ತಿರ ಒಂದು ಸೆಟ್ ಇದ್ದರೆ ಮೊದಲ ಕೆಲಸ ಪ್ರೂಫ್ ತೆಗೆಯುವುದು. ಇರುವ ಒಂದೊಂದು ಮೊಳೆಯನ್ನೂ ಅಚ್ಚು ಹಾಕಿ, ಇಲ್ಲದ ಅಕ್ಷರ ಯಾವುದೆಂದು ಪಕ್ಕದಲ್ಲಿ ಬರೆದಿಡಿ. ಅಂಚು ಮುಕ್ಕಾದ ಮೊಳೆಯನ್ನು ಬದಿಗಿಡಬೇಡಿ. ಹಳೆಯ ಪೋಸ್ಟರ್ ಒಂದರಲ್ಲಿ ಅದೇ ಮುಕ್ಕು ಕಂಡರೆ, ಅದು ಈ ಮೊಳೆಯಿಂದಲೇ ಅಚ್ಚಾಯಿತೆಂದು ಹೇಳಲು ಆಗುತ್ತದೆ.